‘ನಿಂದ್ಯಾವಾಗ್ಲಾ?’ ಅನ್ನೋರಿಗೆ ಹೆದರಿ ಬೀಗರೂಟ ಬಿಟ್ಟವರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಿದೆ.)

ಮದ್ದೂರು ತಾಲ್ಲೂಕಿನ ರೈತರು. ವಯಸ್ಸು 36, ಮದುವೆಯಾಗಿಲ್ಲ. ಎರಡು ಎಕರೆ ಹತ್ತು ಗುಂಟೆ ನಾಲೆ ಬಯಲು, ಎರಡು ಸೀಮೆಹಸು. ತಂದೆ ತೀರಿಕೊಂಡಿದ್ದಾರೆ, ತಾಯಿ ಜೊತೆಗಿದ್ದಾರೆ, ಅಕ್ಕನನ್ನು ಮಂಡ್ಯಕ್ಕೆ ಕೊಟ್ಟಿದೆ. ಎದೆ ಬಿಗಿಯುತ್ತದೆಂದು ಆರು ತಿಂಗಳಲ್ಲಿ ಮೂವರು ವೈದ್ಯರಿಗೆ ತೋರಿಸಿದ್ದರು. ಇಸಿಜಿ, ಎಕೋ, ಥೈರಾಯ್ಡ್, ಸಕ್ಕರೆ ಎಲ್ಲ ಸರಿಯಿದ್ದವು. ಕವರ್ ತುಂಬ ಗ್ಯಾಸ್ಟ್ರಿಕ್ ಮಾತ್ರೆ ಇದ್ದರೂ ನೋವು ಹೋಗಿರಲಿಲ್ಲ. ಮೂರನೆಯ ವೈದ್ಯರು ಆಪ್ತಸಲಹೆಗೆ ಕಳಿಸಿದರು. ಅಕ್ಕನೇ ಕರೆತಂದರು.

ಇಂಥವರನ್ನು “ಮನಸ್ಸಿಗೆ ಬೇಜಾರಾ?” ಎಂದು ಕೇಳಿದರೆ “ಏನಿಲ್ಲ ಸಾ” ಅಂದು ಮಾತು ಮುಗಿಸುತ್ತಾರೆ. ಅದಕ್ಕೇ ಅಕ್ಕನನ್ನು ಹೊರಗೆ ಕೂರಿಸಿ, ಮೊದಲ ಇಪ್ಪತ್ತು ನಿಮಿಷ ನಿದ್ದೆ, ಊಟ, ಮೈಕೈ ನೋವಿನ ಬಗ್ಗೆ ಮಾತ್ರ ಕೇಳಿದ್ದು. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆಯಿಲ್ಲ. ಮುದ್ದೆ ಅರ್ಧಕ್ಕೇ ಸಾಕಾಗುತ್ತದೆ. ತಾಯಿಯ ಮೇಲೆ, ಹಸುವಿನ ಮೇಲೆ ಕೂಡ ಸಿಟ್ಟು. ಗಂಡಸರಲ್ಲಿ ಖಿನ್ನತೆ ಅಳುವಾಗಿ ಬರುವುದಕ್ಕಿಂತ ಸಿಟ್ಟು, ಕುಡಿತ, ಮೈನೋವಾಗಿ ಬರುವುದೇ ಹೆಚ್ಚು. ಮನೆಯವರಿಗೆ ಅದು ಕಾಯಿಲೆಯಾಗಿ ಕಾಣುವುದಿಲ್ಲ, ದುರಹಂಕಾರವಾಗಿ ಕಾಣುತ್ತದೆ. ಚಿಕಿತ್ಸೆ ತಡವಾಗಲು ಇದೂ ಒಂದು ದೊಡ್ಡ ಕಾರಣ.

ಕೊನೆಯ ಸಲ ಯಾವ ಮದುವೆಗೆ ಹೋಗಿದ್ದಿರಿ ಎಂದು ಕೇಳಿದಾಗ ಮಾತು ಹೊರಬಂತು. “ಎಲ್ಡು ವರ್ಸ ಆಯ್ತು ಸಾ. ಬೀಗ್ರೂಟುಕ್ಕೋದ್ರೆ ಎಲೆ ಮುಂದೆ ಕೂತೇಟ್ಗೆ ‘ನಿಂದ್ಯಾವಾಗ್ಲಾ?’ ಅಂತಾರೆ. ತಮಾಸೆಗೇ ಅಂತಾರೆ. ನಂಗೆ ತುತ್ತು ಇಳಿಯಾಕಿಲ್ಲ.” ಎಂಟು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಾರೆ. ಏಳು ಕಡೆ ಹೆಣ್ಣು ನೋಡುವ ಶಾಸ್ತ್ರ ಮುಗಿದು ಮುರಿದಿದೆ. ಕಡೆಗೆ ಒಬ್ಬ ಬ್ರೋಕರ್ ನಲವತ್ತು ಸಾವಿರ ಮುಂಗಡ ಪಡೆದು ಫೋನ್ ಎತ್ತುವುದನ್ನು ಬಿಟ್ಟ. ಆಮೇಲೆ ಜಾತ್ರೆಗೆ ಹೋಗುವುದು ನಿಂತಿತು, ಗೆಳೆಯರು ತಪ್ಪಿದರು, ಸಂಜೆಯ ಕುಡಿತ ಶುರುವಾಯಿತು. ಈ ಅನುಕ್ರಮ ಮುಖ್ಯ. ಕುಡಿತಕ್ಕಿಂತ ಮೊದಲೇ ಮನಸ್ಸು ಕುಗ್ಗಿತ್ತು ಎಂದ ಮೇಲೆ, ಬಾಟಲಿ ಬಿಡಿಸಿದರೆ ಸಾಕು ಎನ್ನುವಂತಿಲ್ಲ.

ಕುಡಿತದ ಲೆಕ್ಕ ಮೊದಲ ಸಲಕ್ಕೆ ಸಿಗುವುದಿಲ್ಲ. “ಒಂದು ನೈಂಟಿ” ಎಂದರು. ಸಂಜೆ ಅಂಗಡಿ ಹತ್ತಿರ ಎಷ್ಟು, ಮಲಗುವಾಗ ಎಷ್ಟು, ಮಧ್ಯರಾತ್ರಿ ಎದ್ದರೆ ಎಷ್ಟು ಎಂದು ಬಿಡಿಸಿ ಕೇಳಿದಾಗ ದಿನಕ್ಕೆ ಮೂರಾಯಿತು, ಅಂದರೆ 270 ಮಿ.ಲೀ. ಬೆಳಿಗ್ಗೆ ಹಾಲು ಕರೆಯುವಾಗ ಕೈ ನಡುಗುತ್ತದೆ ಎಂಬುದನ್ನೂ ಹೇಳಿದರು. ಕೈನಡುಕ ಇರುವವರಿಗೆ ದೇವರ ಮೇಲೆ ಆಣೆ ಇಡಿಸಿ ಒಂದೇ ದಿನಕ್ಕೆ ಬಿಡಿಸುವುದು ಅಪಾಯ. ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನದಲ್ಲಿ ಇಲ್ಲದ್ದು ಕಂಡು, ಕೇಳಿ ಬುದ್ಧಿಭ್ರಮೆ ಆಗಬಹುದು. ಪ್ರಾಣಕ್ಕೇ ಕುತ್ತು. ಅವರಿಗೆ ಮನೋವೈದ್ಯರ ನಿಗಾದಲ್ಲಿ, ಮಾತ್ರೆಯ ಆಸರೆ ಮತ್ತು ಥಯಮಿನ್ (ಬಿ1 ವಿಟಮಿನ್) ಜೊತೆ ಬಿಡಿಸಲಾಯಿತು.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ (ಪಿಎಚ್‌ಕ್ಯೂ-9) ಅಂಕ 27ಕ್ಕೆ 17 ಬಂತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರಿಗೆ ತೋರಿಸಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ಸುತ್ತಿಬಳಸಿ ಕೇಳಬಾರದು. “ಬದುಕೋದೇ ಬೇಡ ಅನ್ಸಿದೆಯಾ? ಹೇಗೆ ಅಂತಲೂ ಯೋಚ್ನೆ ಬಂದಿದೆಯಾ?” ಎಂದು ನೇರವಾಗಿಯೇ ಕೇಳಬೇಕು. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೊತ್ತ ಭಾರ ಇಳಿಯುತ್ತದೆ. ಯೋಚನೆ ಬಂದುಹೋಗಿದೆ, ಏನೂ ಮಾಡಿಕೊಂಡಿಲ್ಲ ಎಂದರು. ಅವತ್ತೇ ಅವರ ಒಪ್ಪಿಗೆ ಪಡೆದು ಅಕ್ಕನನ್ನು ಒಳಗೆ ಕರೆದು ಒಂದು ಕೆಲಸ ಹೇಳಲಾಯಿತು: ಪಂಪ್‌ಸೆಟ್ ಮನೆಯಲ್ಲಿರುವ ಕೀಟನಾಶಕ, ಕಳೆನಾಶಕವನ್ನೆಲ್ಲ ಭಾವ ತಮ್ಮ ಮನೆಗೆ ಸಾಗಿಸಿ ಬೀಗ ಹಾಕಬೇಕು. ಸಿಂಪಡಿಸುವ ದಿನ ಬೇಕಾದಷ್ಟನ್ನೇ ತಂದು, ಉಳಿದದ್ದನ್ನು ಸಂಜೆಯೊಳಗೆ ಒಯ್ಯಬೇಕು. ಅಂಥ ಗಳಿಗೆಯ ಆವೇಗ ಬಹಳ ಹೊತ್ತು ನಿಲ್ಲುವುದಿಲ್ಲ. ಆಗ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಅವರಿಗಿದ್ದ ದೊಡ್ಡ ಭಯ ಬೇರೆ. “ಇಲ್ಲಿಗ್ ಬಂದುದ್ದು ಗೊತ್ತಾದ್ರೆ ಬರೋ ಸಂಬಂದಾನೂ ತಪ್ಪೋಯ್ತದೆ.” 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು, ಜೀವಾಪಾಯದಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಉಂಟು ಎಂದು ತಿಳಿಸಿದ ಮೇಲೆಯೇ ಎರಡನೆಯ ಭೇಟಿಗೆ ಒಪ್ಪಿದ್ದು.

ಎರಡನೆಯ ಭೇಟಿಯಲ್ಲಿ, ಏಳು ಸಂಬಂಧ ಯಾಕೆ ಮುರಿದವು ಎಂದು ಹಾಳೆಯ ಮೇಲೆ ಅವರ ಕೈಯಲ್ಲೇ ಬರೆಸಲಾಯಿತು. “ಬೆಂಗ್ಳೂರಲ್ಲಿ ಕೆಲ್ಸ ಇಲ್ಲ” ನಾಲ್ಕು ಕಡೆ, ಜಾತಕ ಎರಡು ಕಡೆ. ಒಂದು ಕಡೆ ಮಾತ್ರ ಅವರದೇ ತಪ್ಪು: ಹಿಂದಿನ ರಾತ್ರಿ ಕುಡಿದದ್ದರ ವಾಸನೆ ಹೆಣ್ಣಿನವರಿಗೆ ತಿಳಿದಿತ್ತು. ಆ ಒಂದನ್ನು ತಿದ್ದಿಕೊಳ್ಳಬಹುದು. ಉಳಿದ ಆರು ಅವರ ಯೋಗ್ಯತೆಯ ತೀರ್ಪಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷದ ಕೊನೆಯಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ಜಾಲ ಬಯಲಾಯಿತು. ಹುಟ್ಟಬೇಕಾದ ಹೆಣ್ಣುಮಕ್ಕಳನ್ನು ಹುಟ್ಟಲು ಬಿಡದ, ಬೇಸಾಯವನ್ನು ಕೀಳೆಂದು ಎಣಿಸಿದ ಸಮಾಜದ ಲೆಕ್ಕವನ್ನು ಒಬ್ಬ ರೈತ ತನ್ನ ಎದೆಯ ಮೇಲೆ ಬರೆದುಕೊಳ್ಳಬೇಕಿಲ್ಲ. ಇಂಥ ರೈತರ ಕಥೆಯನ್ನು ಮೊಬೈಲಿನಲ್ಲಿ ತಮಾಷೆಯಾಗಿ ಹಂಚುವುದು ನಿಜಕ್ಕೂ ಕ್ರೌರ್ಯ.

ದಿನಚರಿಗೆ ಹಾಕಿಕೊಟ್ಟದ್ದು ಸಣ್ಣ ಕೆಲಸ. ತಾಯಿ ಹೊರುತ್ತಿದ್ದ ಹಾಲಿನ ಕ್ಯಾನನ್ನು ಬೆಳಿಗ್ಗೆ ಡೈರಿಗೆ ಇವರೇ ಒಯ್ಯಬೇಕು. ಸಂಜೆ ಬೇಡ, ಆಗ ಡೈರಿ ಮುಂದೆ ಜನ ನಿಂತು ಮಾತಾಡುತ್ತಾರೆ. ಎರಡು ವಾರ ಕಳೆದ ಮೇಲೆ ಸಂಜೆಗೂ ವಿಸ್ತರಿಸಿದ್ದು. ಎದ್ದೇಳುವುದು ದಿನವೂ ಒಂದೇ ಹೊತ್ತಿಗೆ, ಮಧ್ಯಾಹ್ನ ಮಲಗಿದರೆ ಅರ್ಧ ಗಂಟೆ ಮಾತ್ರ. “ನಿಂದ್ಯಾವಾಗ್ಲಾ?” ಎಂದರೆ ಕೊಡಬೇಕಾದ ಉತ್ತರವನ್ನು ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಲಾಯಿತು: “ಆದಾಗ ನಿನ್ಗೇ ಮೊದ್ಲು ಹೇಳ್ತೀನಿ ಕಣಣ್ಣ, ಊಟ ಮಾಡು.” ಮೊದಲ ಎರಡು ಸಲ ಗಂಟಲು ಕಟ್ಟಿತು. ಐದನೆಯ ಸಲಕ್ಕೆ ದನಿ ನೆಟ್ಟಗಾಯಿತು.

ಮನೋವೈದ್ಯರು ಬರೆದ ಖಿನ್ನತೆಯ ಮಾತ್ರೆಯ ವಿಷಯದಲ್ಲಿ ಗಂಡಸರು ಎಡವುವುದು ಎರಡು ಕಡೆ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ವಾಕರಿಕೆ ಮಾತ್ರ ಮೊದಲ ವಾರವೇ ಬರುತ್ತದೆ. ಆಗಲೇ ಅನೇಕರು ಬಿಟ್ಟುಬಿಡುತ್ತಾರೆ. ಇನ್ನೊಂದು, ಕೆಲವರಿಗೆ ಕಾಮಾಸಕ್ತಿ ತಗ್ಗಬಹುದು ಅಥವಾ ಸ್ಖಲನ ತಡವಾಗಬಹುದು. ಮುಂದೆ ಮದುವೆಯಾಗಬೇಕಾದವರು ಇದಕ್ಕೆ ಹೆದರಿ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ಆದ್ದರಿಂದ ಮೊದಲೇ ತಿಳಿಸಿ, ಹಾಗಾದರೆ ವೈದ್ಯರಿಗೆ ಹೇಳಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಹುದು ಎನ್ನಲಾಯಿತು. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು.

ತಾಯಿಗೆ ಹೇಳಿದ್ದು ಮೂರೇ ಮಾತು. “ನಿನ್ ಜೊತೇವ್ರ ಮಕ್ಳು ಇಸ್ಕೂಲಿಗೋಯ್ತಾವೆ” ಎನ್ನುವುದು ಬೇಡ. ಬ್ರೋಕರ್‌ಗೆ ಮುಂಗಡ ಬೇಡ. “ಮದ್ವೆ ಮಾಡುದ್ರೆ ಎಲ್ಲಾ ಸರಿಹೋಯ್ತದೆ” ಎಂಬ ನಂಬಿಕೆಯೂ ಬೇಡ, ಏಕೆಂದರೆ ಗುಣವಾಗದ ಖಿನ್ನತೆಯ ಜೊತೆ ಮದುವೆಯಾದರೆ ಇನ್ನೊಬ್ಬ ಹೆಣ್ಣುಮಗಳೂ ನೋಯುತ್ತಾಳೆ.

ದೇಶದಲ್ಲಿ 2022ರಲ್ಲಿ ದಾಖಲಾದ ಆತ್ಮಹತ್ಯೆಗಳು 1,70,924. ಅವುಗಳಲ್ಲಿ ನೂರಕ್ಕೆ ಸುಮಾರು 72 ಗಂಡಸರದು. ನವೆಂಬರ್ 19ರ ಪುರುಷರ ದಿನಕ್ಕೆ ಸಭಾಂಗಣದಲ್ಲಿ ಭಾಷಣ ಮಾಡಿದರೆ ಈ ರೈತರಿಗೆ ತಲುಪುವುದಿಲ್ಲ. ಡೈರಿ, ಗೊಬ್ಬರದಂಗಡಿ, ಸಲೂನ್, ಬಾರ್‌ಗಳ ಗೋಡೆಗೆ 14416 ಎಂಬ ಸಂಖ್ಯೆ ಅಂಟಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ.

ಮೂರು ತಿಂಗಳ ಹೊತ್ತಿಗೆ ಆ ರೈತರ ಖಿನ್ನತೆಯ ಅಂಕ 17ರಿಂದ 7ಕ್ಕೆ ಇಳಿದಿತ್ತು. ನಡುವೆ ಮಾರಿಹಬ್ಬದ ದಿನ ಒಮ್ಮೆ ಕುಡಿದರು, ಮರುದಿನ ತಾವಾಗಿಯೇ ಫೋನ್ ಮಾಡಿ ತಿಳಿಸಿದರು. ಎದೆ ಬಿಗಿತ ಈಗ ಅಪರೂಪ. ತಾಯಿಯ ಪ್ರಶ್ನೆ ಮಾತ್ರ ಉಳಿದಿತ್ತು: “ಮಾತ್ರೆ ನಿಲ್ಸುದ್ ಮ್ಯಾಕೆ ಹೆಣ್ ನೋಡಾಣ ಅಲ್ವಾ ಸಾ?” ಮಾತ್ರೆ ನಡೆಯುತ್ತಿರುವಾಗಲೂ ನೋಡಬಹುದು. ಆದರೆ ಒಪ್ಪಿಗೆಯ ಮಾತಿಗೆ ಮುಂಚೆ, ಏನಾಗಿತ್ತು, ಯಾವ ಮಾತ್ರೆ, ಎಲ್ಲಿಯವರೆಗೆ ಎಂಬುದನ್ನು ಹುಡುಗಿಗೆ ಇವರೇ ಖುದ್ದಾಗಿ ಹೇಳಬೇಕು, ಬ್ರೋಕರ್ ಬಾಯಲ್ಲಿ ಹೇಳಿಸಬಾರದು.