ನಲ್ಲಿಯಲ್ಲಿ ಚರಂಡಿ ವಾಸನೆ: ದೂರು ಯಾರಿಗೆ ಕೊಡಬೇಕು?

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಕೆಲವು ದಿನಗಳಿಂದ ಕಾವೇರಿ ನೀರಿಗೆ ಚರಂಡಿ ವಾಸನೆ. ಮಗನಿಗೆ ವಾಂತಿ-ಭೇದಿ ಆಗಿ ಈಗ ಸುಧಾರಿಸಿದ್ದಾನೆ. ಪಕ್ಕದ ಮನೆಯಲ್ಲೂ ಇದೇ ಕಥೆ. ಓನರ್ ಜಲಮಂಡಳಿ ಕಡೆ ಕೈ ತೋರಿಸುತ್ತಾರೆ, ಮಂಡಳಿಯವರು ಸಂಪ್ ತೊಳೆಸಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಆ ನೀರನ್ನು ಕುಡಿಯುವುದು, ಅಡುಗೆಗೆ ಬಳಸುವುದು ಇವತ್ತೇ ನಿಲ್ಲಿಸಿ. ಹಲ್ಲುಜ್ಜಲೂ ಬೇಡ. ದೂರು ಆಮೇಲೆ.

ಕೊಳಚೆ ಎಲ್ಲಿ ಸೇರುತ್ತಿದೆ ಎಂದು ಯಾರೂ ನೋಡಿಲ್ಲ. ಅದಕ್ಕೇ ಇಬ್ಬರೂ ನಿಮ್ಮನ್ನು ಅಲೆಸುತ್ತಿದ್ದಾರೆ. ನೀರು ಬಿಟ್ಟಾಗ ಸಂಪ್‌ಗೆ ಬೀಳುವ ಮೊದಲೇ ಪೈಪಿನಿಂದ ಒಂದು ಬಾಟಲಿ ಹಿಡಿಯಿರಿ. ಇನ್ನೊಂದನ್ನು ಮನೆಯೊಳಗಿನ ನಲ್ಲಿಯಿಂದ ಹಿಡಿಯಿರಿ. ಒಳಗಿನ ನಲ್ಲಿಯಲ್ಲಿ ಮಾತ್ರ ವಾಸನೆ ಇದ್ದರೆ ಸಂಪ್ ಅಥವಾ ಟ್ಯಾಂಕ್ ಕೆಟ್ಟಿದೆ, ಅದು ಓನರ್ ಕೆಲಸ. ಎರಡರಲ್ಲೂ ಇದ್ದರೆ ರಸ್ತೆಯ ಪೈಪು ನೋಡಬೇಕು, ಅದು ಮಂಡಳಿಯ ಕೆಲಸ. ಪಕ್ಕದ ಮನೆಯಲ್ಲೂ ಇದೆ ಅಂದಿರಲ್ವಾ, ನನಗೆ ರಸ್ತೆಯ ಪೈಪಿನ ಮೇಲೇ ಜಾಸ್ತಿ ಅನುಮಾನ. ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಎಲ್ಲಾದರೂ ಒಡೆದಿದ್ದರೆ ಪಕ್ಕದ ಒಳಚರಂಡಿಯ ನೀರು ಒಳಗೆ ಬರುತ್ತದೆ.

ಸಾಧ್ಯವಾದರೆ ಲ್ಯಾಬ್ ಕೊಡುವ ಬಾಟಲಿಯಲ್ಲೇ ಪೈಪಿನ ನೀರು ಹಿಡಿದು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಇ-ಕೊಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಇದ್ದರೆ, ಸಂಪ್ ತೊಳೆಸಿ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಈಗ ದೂರು. ಜಲಮಂಡಳಿಯ ಸಹಾಯವಾಣಿ 1916ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅಷ್ಟಕ್ಕೇ ಬಿಡಬೇಡಿ. ಮಂಡಳಿಯ ನಿಮ್ಮ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್‌ಗೆ ಪತ್ರ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ‘ನೀರು ಕೆಟ್ಟಿದೆ’ ಎಂದು ಸುಮ್ನೆ ಬರೆದರೆ ಸಾಲದು. ನೀರಿನ ಬಿಲ್ಲಿನ ಆರ್‌ಆರ್ ನಂಬರ್, ವಾಸನೆ ಶುರುವಾದ ದಿನ, ಎಷ್ಟು ಮನೆಗಳಲ್ಲಿ ಯಾರಿಗೆ ಕಾಯಿಲೆ ಬಂತು, ಎಲ್ಲ ಇರಲಿ. ಪಕ್ಕದ ಮನೆಯವರೂ ಸಹಿ ಹಾಕಲಿ. ಅದೇ ಪತ್ರದ ಪ್ರತಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕೊಡಿ. ಒಂದೇ ಬೀದಿಯ ಹಲವರಿಗೆ ಭೇದಿ ಆದರೆ ಅದು ಆರೋಗ್ಯ ಇಲಾಖೆಯೂ ನೋಡಬೇಕಾದ ವಿಷಯ. ಈ ಹೆಜ್ಜೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ.

ಕೆಲಸ ಆಗದಿದ್ದರೆ 1902, ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನಕ್ಕೆ ಕರೆ ಮಾಡಿ. ಮಂಡಳಿಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ: ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದು, 150 ಪದದೊಳಗೆ ಇರಬೇಕು. ನಮ್ಮ ದೂರಿನ ಮೇಲೆ ಯಾವ ದಿನ ಏನು ಮಾಡಿದಿರಿ ಎಂದಷ್ಟೇ ಕೇಳಿ.

ಅದಕ್ಕೂ ಮಣಿಯದಿದ್ದರೆ ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿಗೆ (ಎ.ಸಿ.) ಅರ್ಜಿ ಕೊಡಬಹುದು. ಸಾರ್ವಜನಿಕ ಉಪದ್ರವ ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅವರಿಗೆ ಅಧಿಕಾರ ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಮ್‌ನ ನಿವಾಸಿಗಳು ಹಳೆಯ ಕಾನೂನಿನ ಇಂಥದೇ ಕಲಂ ಹಿಡಿದು ಚರಂಡಿ ಗಬ್ಬಿನ ವಿರುದ್ಧ ಹೋರಾಡಿದರು. ದುಡ್ಡಿಲ್ಲ ಎಂಬ ಪುರಸಭೆಯ ನೆಪವನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಒಪ್ಪಲಿಲ್ಲ.

ಓನರ್‌ಗೂ ವಾಟ್ಸಾಪ್‌ನಲ್ಲಿ ಬರೆದೇ ತಿಳಿಸಿ. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ. ಮನೆ ಖಾಲಿ ಮಾಡಿಸಲು ಅದೇ ನೆಪವಾಗುತ್ತದೆ.

ಪ್ರಶ್ನೆ: ಫ್ಲಾಟ್ ಕೈಗೆ ಬಂದು ನಾಲ್ಕು ವರ್ಷ. ಗೋಡೆ ಬಿರುಕು ಬಿಟ್ಟಿದೆ, ಮಳೆ ಬಂದರೆ ಸೋರುತ್ತದೆ. ವಾರಂಟಿ ಒಂದೇ ವರ್ಷ ಎನ್ನುತ್ತಾರೆ ಬಿಲ್ಡರ್.

ಉತ್ತರ: ನಿಮ್ಮ ಯೋಜನೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ವ್ಯಾಪ್ತಿಯಲ್ಲಿದ್ದರೆ ಆ ಮಾತು ನಡೆಯದು. 2016ರ ರೇರಾ ಕಾಯ್ದೆಯ 14ನೇ ಕಲಂ ಪ್ರಕಾರ, ಫ್ಲಾಟ್ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ, ದುಡ್ಡು ಕೇಳದೆ ಸರಿಮಾಡಿಕೊಡಬೇಕು. ಐದು ವರ್ಷ ತುಂಬುವ ಮೊದಲೇ ಲಿಖಿತವಾಗಿ ತಿಳಿಸುವುದು ಮುಖ್ಯ. ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ಫೋಟೋ ಸಮೇತ ಪತ್ರ ಕಳಿಸಿ. ಮೂವತ್ತು ದಿನ ಕಳೆದರೂ ಕೆಲಸ ಆಗದಿದ್ದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ದೂರು ದಾಖಲಿಸಿ, ಪೋಸ್ಟ್ ರಸೀದಿ ಜೊತೆಗಿಡಿ.