ನೀಟ್ ಪಾಸಾದರೂ ಕರ್ನಾಟಕದ ಪಟ್ಟಿಯಲ್ಲಿ ಮಗಳ ಹೆಸರಿಲ್ಲ: ಪ್ರತಿಕ್ರಿಯೆ

ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಪಾಸಾದರೂ ಕರ್ನಾಟಕದ ಪಟ್ಟಿಯಲ್ಲಿ ಮಗಳ ಹೆಸರಿಲ್ಲ, ಒಬ್ಬ ಏಜೆಂಟ್ 'ನೇರ ಸೀಟು ಕೊಡಿಸ್ತೀನಿ' ಅಂತಿದ್ದಾನೆ, ಏನು ಮಾಡೋದು ಅಂತ ಕೇಳಿದ್ದೀರಿ. ಎಂಸಿಸಿಯಲ್ಲಿ (ಕೇಂದ್ರದ ವೈದ್ಯಕೀಯ ಸೀಟು ಹಂಚಿಕೆ ಸಮಿತಿ) ನೋಂದಣಿ ಮಾಡಿದ್ದು ಕೆಇಎಗೆ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಲೆಕ್ಕಕ್ಕೇ ಬರುವುದಿಲ್ಲ, ಬಹುಶಃ ಆಗಿರುವುದು ಇದೇ. ನಮ್ಮ ಮನೆಯಲ್ಲೂ ಇದೇ ಎಡವಟ್ಟಾಗಿತ್ತು. ಎಂಸಿಸಿ ಹಂಚುವುದು ಸರ್ಕಾರಿ ಕಾಲೇಜುಗಳ 15% ಅಖಿಲ ಭಾರತ ಸೀಟು, ಜೊತೆಗೆ ಡೀಮ್ಡ್ ವಿವಿಗಳದ್ದು. ಉಳಿದ 85% ಸರ್ಕಾರಿ ಸೀಟು, ಖಾಸಗಿ ಕಾಲೇಜುಗಳ ಸೀಟು (ಎನ್‌ಆರ್‌ಐ, ಮ್ಯಾನೇಜ್‌ಮೆಂಟ್ ಕೂಡ) ಎಲ್ಲ ಕೆಇಎ ಕೈಲಿದೆ.

ಮೊದಲು ಕೆಇಎ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ನೋಡಿ. ಸಿಇಟಿ ಅರ್ಜಿ ಹಾಕಿದ್ದರೆ ಅದರಲ್ಲಿ ನೀಟ್ ರೋಲ್ ನಂಬರ್ ತುಂಬಿದ್ದೀರಾ, ಹೆಸರು, ಹುಟ್ಟಿದ ದಿನ ಎರಡೂ ಕಡೆ ಒಂದೇ ಇದೆಯಾ ಅಂತ ಪರೀಕ್ಷಿಸಿ. ಆಮೇಲೆ ದಾಖಲೆ ಪರಿಶೀಲನೆ ಮುಗಿದಿದೆಯಾ ನೋಡಿ. ಕರ್ನಾಟಕದಲ್ಲಿ 7 ವರ್ಷ ಓದಿದ್ದಕ್ಕೆ ಕೊಡುವ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇಲ್ಲದೆ ಸಿಕ್ಕಿಕೊಳ್ಳುವವರೇ ಜಾಸ್ತಿ. ಅರ್ಜಿಯನ್ನೇ ಹಾಕಿಲ್ಲ ಅಂದ್ರೆ ಅದು ಬೇರೆ ಕಥೆ. ಕೆಲವು ವರ್ಷ ನೀಟ್ ಫಲಿತಾಂಶದ ನಂತರ ಮತ್ತೆ ಅವಕಾಶ ಕೊಟ್ಟಿದ್ದಾರೆ, ಆದರೆ ಅದನ್ನೇ ನಂಬಿ ಕೂರಬೇಡಿ. ಒರಿಜಿನಲ್ ದಾಖಲೆ, ನೀಟ್ ಅಂಕಪಟ್ಟಿ ಹಿಡಿದು ನಾಳೆ ಬೆಳಿಗ್ಗೆಯೇ ಬೆಂಗಳೂರಿನ ಮಲ್ಲೇಶ್ವರ 18ನೇ ಕ್ರಾಸ್‌ನ ಕೆಇಎ ಕಚೇರಿಗೆ ಹೋಗಿ. ಫೋನ್‌ನಲ್ಲಿ ಸುಮ್ನೆ ಟೈಮ್ ಹಾಳು.

ನೀವು ಹೇಳಿದ ಆ ಏಜೆಂಟ್, 'ನೇರ ಸೀಟು ಕೊಡಿಸ್ತೀನಿ' ಅಂದವನು, ಅವನಿಗೆ ಒಂದು ರೂಪಾಯಿನೂ ಕೊಡಬೇಡಿ. ಕೌನ್ಸೆಲಿಂಗ್ (ರ‍್ಯಾಂಕ್ ಪ್ರಕಾರ ಸೀಟು ಹಂಚುವ ಪ್ರಕ್ರಿಯೆ) ಬಿಟ್ಟು ಎಂಬಿಬಿಎಸ್ ಸೀಟು ಕೊಡುವ ಹಾಗಿಲ್ಲ. 2020ರಲ್ಲಿ ಹಳೆಯ ಎಂಸಿಐ (ಭಾರತೀಯ ವೈದ್ಯಕೀಯ ಮಂಡಳಿ) ಜಾಗಕ್ಕೆ ಬಂದ ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮ ಇದು. ಹಾಗೆ ಸೇರಿಕೊಂಡವರನ್ನು ಆಮೇಲೆ ಹೊರಗೆ ಹಾಕಬಹುದು. ಕಾಲೇಜಿಗೆ ಮಾನ್ಯತೆ ಇದೆಯಾ, ಎಷ್ಟು ಸೀಟಿದೆ ಅನ್ನೋದು ಎನ್‌ಎಂಸಿ ವೆಬ್‌ಸೈಟ್‌ನಲ್ಲೇ ಸಿಗುತ್ತದೆ, ಯಾವ ಕಾಲೇಜು ಬೇಕು ಅಂತ ಪೋರ್ಟಲ್‌ನಲ್ಲಿ ಆಯ್ಕೆ ತುಂಬುವ ಮೊದಲು ಅಲ್ಲೇ ನೋಡಿಕೊಳ್ಳಿ.