ಫೋನಿಗೆಷ್ಟು, ಮರ್ಯಾದೆಗೆಷ್ಟು?

ಪ್ರಶ್ನೆ: ನನ್ನ ತಮ್ಮ ಇಲ್ಲಿನ ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ತರ್. ಪಗಾರ 22,000. ಕೈಯಲ್ಲಿರುವ ಫೋನ್ ಚೆನ್ನಾಗೇ ನಡೆಯುತ್ತಿದೆ. ಆದರೂ ಇಎಂಐ ಮೇಲೆ 80,000ದ ಐಫೋನ್ ತಗೊಳ್ಳುತ್ತಾನಂತೆ. ‘ಹೆಣ್ಣು ನೋಡಾಕ ಹೋದ್ರ ಮೊದ್ಲು ಫೋನ್ ನೋಡ್ತಾರಕ್ಕಾ’ ಅನ್ನುತ್ತಾನೆ. ಇದು ಬರೀ ಶೋಕಿಯೇ? ಹೇಗೆ ತಿಳಿಸಿ ಹೇಳಲಿ?
– ಓದುಗರು, ಬಳ್ಳಾರಿ

ಉತ್ತರ: ಶೋಕಿ ಅಂದುಬಿಟ್ಟರೆ ಅವರು ನಿಮ್ಮ ಹತ್ತಿರ ಆ ಮಾತು ಎತ್ತುವುದನ್ನೇ ಬಿಡುತ್ತಾರೆ. ಹೇಳುವುದರಲ್ಲಿ ನಿಜವೂ ಇದೆ. ಗುರುತಿಲ್ಲದವರು ನಮ್ಮನ್ನು ಅಳೆಯುವುದು ಕಣ್ಣಿಗೆ ಬೀಳುವ ವಸ್ತುಗಳಿಂದ. ಟಿವಿ, ಫ್ರಿಜ್ ಮನೆಗೆ ಬಂದವರಿಗಷ್ಟೇ ಕಾಣುತ್ತವೆ. ಫೋನು ಮದುವೆಗೂ ಬರುತ್ತದೆ, ಚಹಾದಂಗಡಿಗೂ ಬರುತ್ತದೆ. ಜನ ಬಳಸುವುದಕ್ಕಿಂತ ಹೆಚ್ಚಾಗಿ ತೋರಿಸುವುದಕ್ಕೆಂದೇ ಕೆಲವನ್ನು ಕೊಳ್ಳುತ್ತಾರೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲೇ ಬರೆದಿದ್ದರು. ಹೋಟೆಲಿನ ಟೇಬಲ್ ಮೇಲೆ ಫೋನನ್ನು ಬೋರಲು ಇಡುವವರನ್ನು ಗಮನಿಸಿ: ಲೋಗೊ, ಕ್ಯಾಮೆರಾ ಮೇಲಕ್ಕೆ. ಒಳಗಿನ ರ‍್ಯಾಮ್, ಪ್ರೊಸೆಸರ್ ಯಾರಿಗೂ ಕಾಣುವುದಿಲ್ಲ.

ಹಾಗಾಗಿ ತಮ್ಮನ ಮುಂದೆ ಬೆಲೆಯನ್ನು ಎರಡು ಪಾಲು ಮಾಡಿಸಿ. ವಾಟ್ಸ್‌ಆ್ಯಪ್, ಯುಪಿಐ, ವಿಡಿಯೊ, ದಿನದ ಫೋಟೊ ಇಷ್ಟಕ್ಕೆ 15ರಿಂದ 20 ಸಾವಿರದ ಫೋನ್ ಸಾಕು. ಮಿಕ್ಕ 60ರಿಂದ 65 ಸಾವಿರದಲ್ಲಿ ಸ್ವಲ್ಪ ಒಳ್ಳೆಯ ಕ್ಯಾಮೆರಾಕ್ಕೆ, ಹೆಚ್ಚು ವರ್ಷ ಬರುವ ಅಪ್‌ಡೇಟ್‌ಗೆ ಹೋಗುತ್ತದೆ, ಉಳಿದದ್ದು ಮರ್ಯಾದೆಗೆ. ಮರ್ಯಾದೆಗೆ ದುಡ್ಡು ಹಾಕುವುದು ತಪ್ಪೆಂದು ನಾವು ಹೇಳುವುದಿಲ್ಲ, ಮದುವೆಗೆ ರೇಷ್ಮೆ ಉಡುವುದೂ ಅದಕ್ಕೇ. ಆದರೆ ಅದನ್ನು ಸಾಲದ ಮೇಲೆ ಕೊಳ್ಳಬಾರದು.

ಲೆಕ್ಕ ನೋಡಿ. 80,000ಕ್ಕೆ 16% ಬಡ್ಡಿಯಂತೆ 24 ತಿಂಗಳು ಅಂದರೆ ಕಂತು 3,917 ರೂಪಾಯಿ, ಒಟ್ಟು ಸುಮಾರು 94,000. ‘ನೋ ಕಾಸ್ಟ್ ಇಎಂಐ’ ಅಂದರೂ ಮೊದಲು ನಗದು ಬೆಲೆ ಕೇಳಿ. 60,000ದ ಫೋನನ್ನು ನಗದಿಗೆ 57,000ಕ್ಕೆ ಕೊಡುವ ಅಂಗಡಿ ಕಂತಿನವರಿಂದ 5,000ದಂತೆ 12 ತಿಂಗಳು ತೆಗೆದುಕೊಂಡರೆ, ಬಿಟ್ಟುಹೋದ ಆ 3,000ವೇ ಬಡ್ಡಿ. ವರ್ಷಕ್ಕೆ ಸುಮಾರು 9.6% ಬೀಳುತ್ತದೆ. ಪ್ರೊಸೆಸಿಂಗ್ ಫೀ, ಅದರ ಮೇಲೆ 18% ಜಿಎಸ್‌ಟಿ ಬೇರೆ. ಕಂತಿನ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬೌನ್ಸ್ ಚಾರ್ಜನ್ನು ಸಾಲ ಕೊಟ್ಟವರೂ ಹಾಕುತ್ತಾರೆ, ಬ್ಯಾಂಕೂ ಹಾಕುತ್ತದೆ. ಇದರಿಂದ ಸಿಬಿಲ್ ಸ್ಕೋರ್ (ಸಾಲ ತೀರಿಸುವ ರೀತಿಗೆ ಸಿಗುವ ಅಂಕ) ಇಳಿದರೆ ಮುಂದೆ ಮನೆ ಸಾಲಕ್ಕೆ ಕಷ್ಟ.

ಇನ್ನೊಂದು ಮಾತು. ಹೊಸ ಐಫೋನ್ ಸಾಮಾನ್ಯವಾಗಿ ಪ್ರತಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಐಫೋನ್ 13ರಿಂದ 15ರವರೆಗಿನ ಮಾಡೆಲ್‌ಗಳಲ್ಲಿ ಓರೆಯಾಗಿದ್ದ ಎರಡು ಕ್ಯಾಮೆರಾ ಕಣ್ಣು 16ರಲ್ಲಿ ಒಂದರ ಕೆಳಗೊಂದು ಬಂದವು. ಹಿಂಬದಿ ನೋಡಿಯೇ ಹುಡುಗರು ಹಳೆಯದೋ ಹೊಸದೋ ಎಂದು ಹೇಳುತ್ತಾರೆ. ಎರಡು ವರ್ಷದ ಸಾಲ ಎರಡು ಸೆಪ್ಟೆಂಬರ್ ದಾಟುತ್ತದೆ. ಕಂತು ಮುಗಿಯುವ ಮೊದಲೇ ಫೋನು ಹಳೆಯದಾಗಿರುತ್ತದೆ. ಹೆಣ್ಣಿನ ಕಡೆಯ ಹಿರಿಯರು ಫೋನ್ ನೋಡಿದರೂ, ಕೇಳುವುದು ಕೆಲಸ, ಮನೆ, ಸಾಲ.

ಬೇಡ ಅನ್ನಬೇಡಿ. ಅದೇ 3,917ನ್ನು ಮೊದಲು ಮೂರು ತಿಂಗಳು ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಕಟ್ಟಿ ನೋಡಲಿ. ತಿಂಗಳ ಕೊನೆಗೆ ಕೈಗಡ ಕೇಳುವಂತಾದರೆ ಇಎಂಐ ಕೂಡ ತಾಳುವುದಿಲ್ಲ. ತಾಳಿದರೆ 18 ತಿಂಗಳಿಗೆ ಅಸಲೇ 70,506 ಆಗುತ್ತದೆ. ಹೊಸ ಮಾಡೆಲ್ ಬಂದಾಗ ಹಿಂದಿನದರ ಬೆಲೆ ಹೆಚ್ಚಾಗಿ 10,000ದಷ್ಟು ಇಳಿಯುತ್ತದೆ. ಆಗ ನಗದು ಕೊಟ್ಟು ತರಲಿ.

ಪ್ರಶ್ನೆ: 28,000ಕ್ಕೆ ಸೆಕೆಂಡ್ ಹ್ಯಾಂಡ್ ಐಫೋನ್ ಸಿಗುತ್ತಿದೆ. ಅದೇ ದುಡ್ಡಿಗೆ ಹೊಸ ಆಂಡ್ರಾಯ್ಡ್ ಬಂದರೂ ಗೆಳೆಯರ ನಡುವೆ ಬೆಲೆಯಿಲ್ಲ. ತಗೊಳ್ಳಲೇ?
– ಓದುಗರು, ಸಿಂಧನೂರು

ಉತ್ತರ: ಪರೀಕ್ಷಿಸಿ ತಗೊಳ್ಳಿ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತಿನ ನಂಬರ್), ಬಿಲ್ಲಿನ ನಂಬರಿಗೆ ಹೊಂದಬೇಕು. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಬ್ಲ್ಯಾಕ್‌ಲಿಸ್ಟ್ ಅಥವಾ ಡುಪ್ಲಿಕೇಟ್ ಎಂದು ಬಂದರೆ ಅಲ್ಲಿಗೇ ಬಿಡಿ. ಬ್ಯಾಟರಿ ಹೆಲ್ತ್ 80%ಗಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಸೆಟ್ಟಿಂಗ್ಸ್‌ನ ಜನರಲ್, ಅಬೌಟ್‌ನಲ್ಲಿ ಡಿಸ್‌ಪ್ಲೇಗೆ ‘ಅನ್‌ನೋನ್ ಪಾರ್ಟ್’ ಎಂದಿದ್ದರೆ ಅಸಲಿ ಡಿಸ್‌ಪ್ಲೇ ಹೋಗಿದೆ ಎಂದೇ ತಿಳಿಯಿರಿ. ಮಾರುವವರು ನಿಮ್ಮೆದುರೇ ತಮ್ಮ ಆ್ಯಪಲ್ ಐಡಿಯಿಂದ ಸೈನ್ ಔಟ್ ಆಗಿ ಫೋನನ್ನು ಪೂರ್ತಿ ಅಳಿಸಲಿ. ‘ಆಮೇಲೆ ತೆಗೀತೀನಿ’ ಅಂದರೆ ದುಡ್ಡು ಕೊಡಬೇಡಿ, ಐಡಿ ಲಾಕ್ ಆದ ಫೋನನ್ನು ರಿಪೇರಿ ಅಂಗಡಿಯಲ್ಲಿ ಬಿಡಿಭಾಗಕ್ಕಷ್ಟೇ ಕೇಳುತ್ತಾರೆ.